ಎದ್ದ ದಿನದಿಂದ ಲೆಕ್ಕ

ಏಪ್ರಿಲ್ 1, ಬುಧವಾರ

ಎಂಟನೇ ಕ್ಲಾಸಿನ ಪರೀಕ್ಷೆ ಡ್ಯೂಟಿ. ಬೆಳಿಗ್ಗೆಯಿಂದ ನಿಂತೇ ಇದ್ದೆ. ಪೀಟೀ ಟೀಚರಿಗೆ ಕುರ್ಚಿ ಬೇಕಾಗುವುದಿಲ್ಲ ಎಂದು ಹೆಡ್‌ಮಾಸ್ತರರ ನಂಬಿಕೆ. ಒಬ್ಬಳು ಅಂಗೈ ತುಂಬ ಉತ್ತರ ಬರೆದುಕೊಂಡು ಬಂದಿದ್ದಳು. ಬಾಯಿಗೆ ಸೀಟಿ ಹೋಗಿತ್ತು, ಊದಲಿಲ್ಲ. ನಲ್ಲಿಗೆ ಕರೆದುಕೊಂಡು ಹೋಗಿ ಸೋಪು ಹಾಕಿ ತೊಳೆಸಿದೆ. ಅತ್ತಳು. ಅಳಲಿ.

ಅಂಕೋಲೆಯಿಂದ ಕೇಣಿಗೆ ಸ್ಕೂಟಿಯಲ್ಲಿ ಬರುವಷ್ಟರಲ್ಲಿ ಮೈಯೆಲ್ಲ ಬೆವರು. ರೂಪೇಶ ಅರ್ಗಾದ ನೇವಲ್ ಬೇಸಿನಿಂದ ಆಗಲೇ ಬಂದು ಜಗಲಿಯಲ್ಲಿ ಕೂತು ಬಲೆ ಹೊಲಿಯುತ್ತಿದ್ದ. ಹಗಲೆಲ್ಲ ಅಲ್ಲಿ ವೈರಿಂಗ್ ಕೆಲಸ, ಮನೆಗೆ ಬಂದರೆ ಇಲ್ಲಿ ಬಲೆ. ಕೈ ಸುಮ್ಮನಿದ್ದರೆ ಅವನಿಗೆ ಜ್ವರ ಬರುತ್ತದೆ.

“ಶುಕ್ರವಾರ ರಜೆ. ಬೆಳಗಾಮುಂಚೆ ನಾನೂ ಪಾಸ್ಕೋಲನೂ ಪಾತಿ ತಕಂಡ್ ಹೋಗಿ ಬತ್ತೇವು. ಅವನ ಅವ್ವಿಗೆ ಮೀನು ಬೇಕಂತೆ.”

ಪಾಸ್ಕೋಲ ಅವನ ಜೊತೆ ಕೆಲಸ ಮಾಡುವವನು. ಕಾರವಾರದವನು. ಗುಡ್ ಫ್ರೈಡೆ ದಿನ ಅವರಲ್ಲಿ ಮಾಂಸ ಇಲ್ಲ, ಮೀನು ನಡೆಯುತ್ತದೆ. ಪಾತಿ ಎಂದರೆ ಇಬ್ಬರು ಕೂತರೆ ಮೂರನೆಯವನಿಗೆ ಜಾಗವಿಲ್ಲದ ದೋಣಿ.

ದೀಕ್ಷಾಳಿಗೆ ನಾಳೆ ಎಸ್ಸೆಸ್ಸೆಲ್ಸಿ ಕೊನೆಯ ಪೇಪರ್. ಓದುತ್ತಿದ್ದಾಳೆ. ಅಥವಾ ಪುಸ್ತಕದೊಳಗೆ ಫೋನ್ ಇದೆ.

ಏಪ್ರಿಲ್ 2, ಗುರುವಾರ

ಪರೀಕ್ಷೆ ಮುಗಿಸಿ ಬಂದ ದೀಕ್ಷಾ ಚೀಲ ಎಸೆದು ಮಲಗಿದವಳು ಇನ್ನೂ ಎದ್ದಿಲ್ಲ.

ಹುಣ್ಣಿಮೆ. ನಾಳೆ ಉಬ್ಬರ ಜೋರು ಇರುತ್ತದೆ, ಹೋಗಬೇಡ ಎಂದು ರೂಪೇಶನಿಗೆ ಹೇಳಿದೆ. ನಕ್ಕ. “ಪೀಟೀ ಟೀಚರ್ ಸೀಟಿ ಊದಿದ್ರೆ ಸಮುದ್ರ ಸಾಲಾಗಿ ನಿಲ್ಲೂದಿಲ್ಲ ಮಾರಾಯ್ತಿ.” ನನಗೂ ನಗು ಬಂತು. ಅಲ್ಲೇ ಸೋತೆ.

“ಮಸಾಲೆ ಅರೆದಿಟ್ಟಿರು. ಎಂಟಕ್ಕೆ ಬತ್ತೆ.”

ಅರೆದಿಟ್ಟೆ. ಫ್ರಿಜ್ಜಿನಲ್ಲಿದೆ, ಸ್ಟೀಲ್ ಡಬ್ಬಿ.

ಏಪ್ರಿಲ್ 3, ಶುಕ್ರವಾರ

ಬೆಳಿಗ್ಗೆ ಎಂಟೂವರೆ. ಬಂದಿಲ್ಲ. ಫೋನ್ ಹತ್ತುತ್ತಿಲ್ಲ. ಬೈಯಬೇಕಾದ ಮಾತೆಲ್ಲ ಜೋಡಿಸಿಟ್ಟುಕೊಂಡಿದ್ದೇನೆ.

ಹತ್ತು. ದೀಕ್ಷಾಳನ್ನು ದಂಡೆಗೆ ಕಳಿಸಿದೆ. ವಾಪಸ್ ಬಂದಳು. ಪಾತಿ ಬಂದಿಲ್ಲವಂತೆ.

ಹನ್ನೊಂದೂವರೆ. ಪುಂಡಲೀಕ ಭಾವ ಬಂದರು. ರೂಪೇಶನ ಅಣ್ಣ. ಕಾಲಲ್ಲಿ ಚಪ್ಪಲಿ ಇಲ್ಲ. ಬೇಲೆಕೇರಿಯ ಬೋಟಿನವರಿಗೆ ಪಾತಿ ಸಿಕ್ಕಿತಂತೆ, ಕವುಚಿಕೊಂಡು. ಅದರ ಬೆನ್ನ ಮೇಲೆ ಪಾಸ್ಕೋಲ ಒಬ್ಬನೇ—

ಏಪ್ರಿಲ್ 4, ಶನಿವಾರ

ಸಿಕ್ಕಿಲ್ಲ. ಬೋಟುಗಳು ಹೋಗಿವೆ, ಪೊಲೀಸರು ಬಂದಿದ್ದಾರೆ. ಸಿಕ್ಕಿಲ್ಲ.

ಮಧ್ಯಾಹ್ನ ಪಾಸ್ಕೋಲ ಬಂದ. ಕಾಲಿಗೆ ಬ್ಯಾಂಡೇಜು, ಕುಂಟುತ್ತ. “ಟೀಚರ್” ಎಂದ. ಅಷ್ಟೇ. ಅವನ ಮುಖ ನೋಡಿದೆ. ಕಣ್ಣು ಇತ್ತು, ಮೂಗು ಇತ್ತು, ಉಸಿರಾಡುತ್ತಿದ್ದ. ಬಾಗಿಲು ಹಾಕಿದೆ. ತುಂಬ ಹೊತ್ತು ಮೆಟ್ಟಿಲ ಮೇಲೆ ಕೂತಿದ್ದನಂತೆ. ಕೂರಲಿ.

ಏಪ್ರಿಲ್ 5, ಭಾನುವಾರ

ಭಾವ ಅಂಗಳದಲ್ಲಿ ಯಾರಿಗೋ ಹೇಳುತ್ತಿದ್ದರು — “ಸಿಕ್ಕಿದ್ರೆ ಇಂದು ಬೂದಿ ತುಂಬೂದಿತ್ತು.” ಮೂರನೇ ದಿನ ಸುಟ್ಟ ಜಾಗಕ್ಕೆ ಹೋಗಿ ಬೂದಿ, ಎಲುಬು ಆರಿಸಿ ತರುವುದು. ಹೊರಗೆ ಹೋಗಿ ಹೇಳಿದೆ, ಇಲ್ಲಿ ಯಾರೂ ಸತ್ತಿಲ್ಲ, ಬೂದಿಯ ಮಾತು ಬೇಡ. ಎಲ್ಲರೂ ಮುಖ ತಿರುಗಿಸಿದರು.

ಹನ್ನೊಂದು ಗಂಟೆಗೆ ಪಾಸ್ಕೋಲನ ಅವ್ವ ಬಂದಳು. ಬೇಬಿ ಬಾಯಿ. ಇಗರ್ಜಿಯಿಂದ ಸೀದಾ ಬಸ್ಸು ಹತ್ತಿದ್ದಳು, ಬಿಳಿ ಸೀರೆ, ತಲೆ ಮೇಲೆ ಸೆರಗು. ಇವತ್ತು ಅವರ ದೊಡ್ಡ ಹಬ್ಬ. ಹಬ್ಬ ಬಿಟ್ಟು ಬಂದಿದ್ದಾಳೆ. ಅವಳಿಗೆ ಬಾಗಿಲು ಹಾಕಲು ನನ್ನಿಂದ ಆಗಲಿಲ್ಲ. ನನ್ನ ಪಕ್ಕ ನೆಲದ ಮೇಲೆ ಕೂತು ತಾನಾಗಿಯೇ ಹೇಳಿದಳು.

“ಮೀನು ಬೇಕು ಹೇಳಿ ಕೇಳ್ದವಳು ನಾನು ಬಾಯೇ.”

ಅವಳ ಮುಂದೆ ನೀರಿನ ಲೋಟ ಇಟ್ಟೆ.

“ನಮ್ಮ ಸಾಯ್ಬನೂ, ಶಿಲುಬೆಯ ದೇವ್ರು, ಶುಕ್ರವಾರವೇ ಹೋದದ್ದು. ಐತವಾರ ಬೆಳಗಾಗೂಕೆ ಮುಂಚೆ ಹೆಂಗಸ್ರು ಗೋರಿಗೆ ಹೋದ್ರು, ಮೈಗೆ ಸುಗಂಧ ಹಚ್ಚೂಕೆ. ಬಾಗ್ಲ ಕಲ್ಲು ಸರಿದಿತ್ತು. ಒಳಗೆ ಮೈ ಇಲ್ಲ. ಬಟ್ಟೆ ಮಾತ್ರ ಮಡ್ಚಿ ಇಟ್ಟಿತ್ತು. ಮೂರನೇ ದಿನ ಎದ್ದು ಹೋಗಿದ್ದ.”

ದೀಕ್ಷಾ ಮೊದಲ ಸಲ ಬಾಯಿ ಬಿಟ್ಟಳು. “ಶುಕ್ರವಾರ ಸಂಜೆಯಿಂದ ಐತವಾರ ಬೆಳಿಗ್ಗೆಗೆ ಮೂರು ದಿನ ಹೇಗೆ ಆತದೆ?”

ಉತ್ತರ ಕೊಟ್ಟವರು ಅತ್ತೆ, ರೂಪೇಶನ ತಾಯಿ. ಗೋಡೆಗೆ ಮುಖ ಮಾಡಿ ಮಲಗಿದ್ದವರು ತಿರುಗದೆಯೇ ಹೇಳಿದರು. “ಶುಕ್ರವಾರ ಒಂದು, ಶನಿವಾರ ಎರಡು, ಐತವಾರ ಮೂರು. ನಾವೂ ಹಾಗೇ ಅಲ್ಲನೇ ಎಣಿಸೂದು? ಸತ್ತ ದಿನ ಬಿಟ್ಟು ಎಣಿಸೂಕಾತದ್ಯಾ?”

ಮೂರನೇ ದಿನ. ಹೆಂಗಸರು. ಬೆಳಗಿನ ಜಾವ. ಅವರೂ ನಮ್ಮ ಹಾಗೆ ಬೂದಿ ತುಂಬುವ ಕೆಲಸಕ್ಕೇ ಹೋದವರು. ಹೋದರೆ ಮೈ ಇಲ್ಲ. ಮೈ ಇಲ್ಲದ್ದಕ್ಕೆ ಅಲ್ಲಿ ಯಾರೂ ಸತ್ತ ಅನ್ನಲಿಲ್ಲ. ಎದ್ದ ಅಂದರು!

ಬೇಬಿ ಬಾಯಿ ಹೋದ ಮೇಲೆ ಎದ್ದು ಸ್ನಾನ ಮಾಡಿ ಮಾರ್ಕೆಟ್ಟಿಗೆ ಹೋಗಿ ಬಂಗಡೆ ತಂದೆ. ಹುರಿದೆ. ಹುರಿದ ಪರಿಮಳ ಕೇರಿಯ ತುದಿಯವರೆಗೂ ಹೋಗಿರಬೇಕು. ಹೋಗಲಿ ಎಂದೇ ಹುರಿದದ್ದು.

ಏಪ್ರಿಲ್ 9, ಗುರುವಾರ

ದಿನಾ ಮೀನು. ದಿನಾ ಜಗಳ.

ಸಾವಿನ ಮನೆಯಲ್ಲಿ ಮೀನು ಬೇಯುವುದಿಲ್ಲ, ಇದು ಕರಾವಳಿಯಲ್ಲಿ ಹಸುಳೆಗೂ ಗೊತ್ತು. ಹಾಗಾದರೆ ಮೀನು ಬೇಯುವ ಮನೆ ಸಾವಿನ ಮನೆಯಲ್ಲ. ನನ್ನ ಲೆಕ್ಕ ಅಷ್ಟೇ. ಅತ್ತೆ ಬೇರೆ ಒಲೆಯಲ್ಲಿ ಗಂಜಿ ಮಾಡಿಕೊಳ್ಳುತ್ತಾರೆ. ಒಂದೇ ಮನೆ, ಒಂದು ಒಲೆಯಲ್ಲಿ ಅವನು ಬದುಕಿದ್ದಾನೆ, ಇನ್ನೊಂದರಲ್ಲಿ ಸತ್ತಿದ್ದಾನೆ.

“ನಿನ್ನ ಗಂಡ ಆಗೂಕೆ ಮುಂಚೆ ನನ್ನ ಮಗ ಅವ” ಎಂದರು ಅತ್ತೆ ಇವತ್ತು. “ನಂಗೆ ಆಸೆ ಇಲ್ಲ ಹೇಳಿ ತಿಳ್ಕಂಡ್ಯಾ? ಆದ್ರೆ ಅವ ಅಲ್ಲಿ ಉಪ್ಪು ನೀರಲ್ಲಿ ದಾರಿ ಇಲ್ದೆ ನಿಂತಿದ್ರೆ?”

ಆ ಮಾತು ಚುಚ್ಚಿತು. ಚುಚ್ಚಿದ್ದಕ್ಕೇ ಇನ್ನೂ ಜೋರಾಗಿ ಕೂಗಾಡಿದೆ.

ಭಾವ ಭಟ್ಟರನ್ನು ಕರೆದುಕೊಂಡು ಬಂದಿದ್ದರು. ಮೈ ಸಿಗದಿದ್ದರೆ ದರ್ಭೆಯಲ್ಲಿ ಒಂದು ಗೊಂಬೆ ಕಟ್ಟಿ ಅದನ್ನೇ ಸುಡುವ ಕ್ರಮ ಉಂಟು, ಸೂತಕ ಆಗಿನಿಂದಲೇ ಶುರು ಎಂದರು. ಒಳ್ಳೆಯ ಮನುಷ್ಯ, ಮೆಲ್ಲಗೆ ಮಾತಾಡುತ್ತಾರೆ.

“ಮುಳುಗಿದ್ದು ಕಂಡವರು ಯಾರಾದ್ರೂ ಇದ್ದಾರೋ?” ಎಂದು ಕೇಳಿದರು.

“ಪಾಸ್ಕೋಲ” ಎಂದರು ಭಾವ. “ಅಲೆಯಲ್ಲಿ ಹೋದ ಹೇಳಿ ಪೊಲೀಸ್ರ ಹತ್ರ ಹೇಳಿದ್ದಾನೆ.”

“ಹೋದ ಅಂದಿದ್ದು. ಮುಳುಗಿದ ಅಂದಿಲ್ಲ” ಎಂದೆ. “ಕಂಡವರು ಯಾರೂ ಇಲ್ಲ. ಸೂತಕವೂ ಇಲ್ಲ. ನೀವೇ ಹೇಳಿದ್ರಿ.”

ಭಟ್ಟರು ಚಹಾ ಕುಡಿಯದೆ ಎದ್ದರು.

ಏಪ್ರಿಲ್ 12, ಭಾನುವಾರ

ಬೇಬಿ ಬಾಯಿ ಮತ್ತೆ ಬಂದಿದ್ದಳು. ನಾನು ಹುರಿದ ಮೀನು ಇಟ್ಟೆ. ತಿಂದಳು. ಈ ಮನೆಯಲ್ಲಿ ನನ್ನ ಜೊತೆ ಮೀನು ತಿಂದವಳು ಅವಳೊಬ್ಬಳೇ. ದೀಕ್ಷಾ ತಟ್ಟೆಯ ಮುಂದೆ ಕೂರುತ್ತಾಳೆ, ಮುಳ್ಳು ಬಿಡಿಸುತ್ತಾಳೆ, ಬಿಡಿಸಿದ್ದನ್ನು ಬೆಕ್ಕಿಗೆ ಹಾಕುತ್ತಾಳೆ.

ಎದ್ದವನ ಕಥೆ ಮುಂದೇನಾಯಿತು ಎಂದು ನಾನೇ ಕೇಳಿದೆ.

“ಬಾಗ್ಲು ಹಾಕ್ಕಂಡು ಕೂತಿದ್ರು, ಅವನ ಜನ. ಹೆದ್ರಿ. ನಡುವೆ ಬಂದು ನಿಂತ. ಭೂತ ಹೇಳಿ ನಡುಗಿದ್ರು. ಅದ್ಕೇ ಕೇಳ್ದ, ತಿನ್ನೂಕೆ ಎಂತಾದ್ರೂ ಅದ್ಯಾ? ಸುಟ್ಟ ಮೀನು ಕೊಟ್ರು. ಅವರ ಎದುರೇ ತಿಂದ. ಭೂತ ಮೀನು ತಿಂತದ್ಯಾ ಬಾಯೇ?”

ಇನ್ನೊಂದು ಮೀನು ಅವಳ ತಟ್ಟೆಗೆ ಹಾಕಿದೆ.

“ಮತ್ತೊಂದಿನ ದಡದ ಮೇಲೆ ಕೆಂಡ ಮಾಡಿ ತಾನೇ ಮೀನು ಸುಟ್ಟ. ದೋಣಿಯವ್ರಿಗೆ ಕರ್ದ — ಬನ್ನಿ, ನಾಷ್ಟಾ ಮಾಡಿ. ಹೀಗೇ ನಲವತ್ತು ದಿನ. ನಲವತ್ತನೇ ದಿನ ನಮ್ಗೆ ಮತ್ತೆ ದೊಡ್ಡ ಹಬ್ಬ—” ಅಷ್ಟರಲ್ಲಿ ಐದರ ಬಸ್ಸಿನ ಹಾರ್ನ್ ಕೇಳಿತು. ಸೆರಗು ಸಿಕ್ಕಿಸಿಕೊಂಡು ಓಡಿದಳು.

ನಲವತ್ತು. ಅಷ್ಟು ದಿನ ಇಲ್ಲಿ ಕಂಡು ಅಲ್ಲಿ ಕಂಡು, ನಲವತ್ತನೆಯ ದಿನ ಪೂರ್ತಿ ಬಂದುಬಿಟ್ಟಿರಬೇಕು. ಇಲ್ಲವಾದರೆ ಹಬ್ಬ ಏಕೆ?

ಭಾವನಿಗೂ ಅತ್ತೆಗೂ ಹೇಳಿದೆ. ನಲವತ್ತರವರೆಗೆ ಯಾರೂ ದರ್ಭೆಯ ಮಾತು ಎತ್ತಬಾರದು.

ಏಪ್ರಿಲ್ 20, ಸೋಮವಾರ

ಕಾರವಾರಕ್ಕೆ ಹೋಗಿದ್ದೆ. ಒಂದು ಹೆಣ ಸಿಕ್ಕಿದೆ, ಬಂದು ನೋಡಿ ಎಂದು ಫೋನ್. ಭಾವ ನಾನೂ ಬರುತ್ತೇನೆ ಎಂದರು, ಬೇಡ ಎಂದೆ.

ಅರ್ಗಾ ಬಂದಾಗ ಎಡಕ್ಕೆ ಬೇಸಿನ ಗೋಡೆ ಶುರುವಾಗುತ್ತದೆ. ಉದ್ದಕ್ಕೂ ಗೋಡೆ. ಆಚೆ ಸಮುದ್ರ ಇದೆ ಎಂದು ಗೊತ್ತು, ಕಾಣುವುದಿಲ್ಲ. ರೂಪೇಶ ಇಳಿಯುವ ಗೇಟಿನಲ್ಲಿ ಬಸ್ಸು ನಿಂತಿತು. ನಾಲ್ಕು ಜನ ಇಳಿದರು. ನಾಲ್ವರ ಬೆನ್ನೂ ನೋಡಿದೆ.

ಹೆಣ ಅವನದಲ್ಲ. ಕೈ ನೋಡಿದ ಕೂಡಲೇ ಗೊತ್ತಾಯಿತು. ಯಾರದೋ ಮನೆಯ ಹುಡುಗ. ಹೊರಗೆ ಬಂದು ಗೋಡೆ ಹಿಡಿದು ನಿಂತೆ. ಖುಷಿಯಾಯಿತು. ಖುಷಿಯಾದದ್ದಕ್ಕೆ ನಾಚಿಕೆಯಾಯಿತು. ಆ ಹುಡುಗನಿಗಾಗಿ ಅಲ್ಲಿ ಅಳಲು ಯಾರೂ ಇರಲಿಲ್ಲ.

ಸಂಜೆ ಕೇಣಿಯ ದಂಡೆಗೆ ಹೋಗಿ ಸೀಟಿ ಊದಿದೆ. ಉದ್ದಕ್ಕೆ, ಮೂರು ಸಲ. ಶಾಲೆಯ ಗ್ರೌಂಡಿನಲ್ಲಿ ಚದುರಿದವರನ್ನು ಕರೆಯುವುದು ಹಾಗೇ. ಬಲೆ ಎಳೆಯುತ್ತಿದ್ದವರು ಕೈ ಬಿಟ್ಟು ನೋಡಿದರು. ಊರ ಬಾಯಿಗೆ ಮುಚ್ಚಳ ಎಲ್ಲಿದೆ? ಆಡಿಕೊಳ್ಳಲಿ.

ಮೇ 3, ಭಾನುವಾರ

ಬರೆದಿಲ್ಲ. ಬರೆಯುವಂಥದ್ದು ಇರಲಿಲ್ಲ. ಬಂಗಡೆ, ತಾರ್ಲೆ, ಬಂಗಡೆ.

ದೀಕ್ಷಾಳ ರಿಸಲ್ಟ್ ಬಂದಿದೆ. ಫಸ್ಟ್ ಕ್ಲಾಸ್. ಒಳ್ಳೆಯದಾಯಿತು, ಅಪ್ಪ ಬಂದ ಕೂಡಲೇ ಹೇಳೋಣ ಎಂದೆ.

ಫೋನ್ ನೆಲಕ್ಕೆ ಹಾಕಿದಳು. ಎಸೆಯಲಿಲ್ಲ, ಮೆಲ್ಲಗೆ ಇಟ್ಟಳು. ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು.

“ಅಮ್ಮಾ, ನಂಗೆ ಅಳೂಕಾದ್ರೂ ಬಿಡು.”

“ಯಾರು ಬೇಡ ಅಂದ್ರು?”

“ನೀನು. ಅತ್ರೆ ಬೈತೆ. ಅಜ್ಜಿ ಹತ್ರ ಕೂತ್ರೆ ಬೈತೆ. ದಿನಾ ಮೀನು ಬಡಿಸ್ತೆ. ನಂಗೆ ನುಂಗೂಕಾಗೂದಿಲ್ಲ. ಅಪ್ಪನ ಮೈಯನ್ನ ಸಮುದ್ರದಲ್ಲಿ ಇದೇ ಮೀನು...” ಮುಂದಿನದು ಹೇಳಲಿಲ್ಲ. ಅಜ್ಜಿಯ ಕೋಣೆಗೆ ಹೋದಳು. ಒಳಗೆ ಇಬ್ಬರೂ ಅಳುವುದು ಕೇಳಿತು, ಬಾಯಿಗೆ ಬಟ್ಟೆ ಒತ್ತಿಕೊಂಡು. ನನಗೆ ಕೇಳಬಾರದೆಂದು.

ಬಾಗಿಲ ಹತ್ತಿರದವರೆಗೆ ಹೋದೆ. ತಟ್ಟಲಿಲ್ಲ. ಇನ್ನು ಸ್ವಲ್ಪ ದಿನ ಮಗಾ, ನಲವತ್ತಾಗಲಿ.

ಮೇ 12, ಮಂಗಳವಾರ

ಇವತ್ತು ನಲವತ್ತು. ಶುಕ್ರವಾರ ಒಂದು ಎಂದು ಹಿಡಿದರೆ.

ಮನೆ ಒರೆಸಿದೆ. ಅವನ ನೀಲಿ ಅಂಗಿ ಇಸ್ತ್ರಿ ಮಾಡಿದೆ. ದೊಡ್ಡ ಬಂಗಡೆ ತಂದು ತೊಳೆದಿಟ್ಟೆ. ಫ್ರೀಜರಿಗೆ ಎತ್ತಿಟ್ಟಿದ್ದ ಅಂದಿನ ಡಬ್ಬಿ ತೆಗೆದೆ. ಮಸಾಲೆ ಮೇಲೆ ಫ್ರೀಜರಿನ ಹಿಮ ಕಟ್ಟಿದೆ. ಮುಚ್ಚಳ ತೆಗೆದು ಮತ್ತೆ ಹಾಕಿದೆ. ಅವನು ಬಂದ ಮೇಲೆ.

ಎಂಟು. ಬೆಳಗಿನದಲ್ಲದಿದ್ದರೆ ಸಂಜೆಯದು.

ಸಂಜೆಯ ಎಂಟೂ ಆಯಿತು.

ಮೇ 13, ಬುಧವಾರ

ಕಾರವಾರಕ್ಕೆ ಹೋದೆ. ಸಿಟ್ಟು ಮೂಗಿನ ತುದಿಯಲ್ಲಿತ್ತು. ಬೇಬಿ ಬಾಯಿ ಅಂಗಳದಲ್ಲಿ ಒಣಮೀನು ತಿರುವಿ ಹಾಕುತ್ತಿದ್ದಳು.

“ನಲವತ್ತು ಮುಗೀತು. ಎಲ್ಲಿ?” ಎಂದೆ. ನಿಂತಲ್ಲೇ. ನಮಸ್ಕಾರ ಇಲ್ಲ, ಏನಿಲ್ಲ.

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. “ಎಲ್ಲಿಂದ ಎಣಿಸ್ದೆ ಬಾಯೇ?”

“ಶುಕ್ರವಾರದಿಂದ.”

“ಅದು ಸತ್ತ ದಿನ. ನಾವು ಸತ್ತ ದಿನದಿಂದ ಎಣಿಸೂದಿಲ್ಲ. ಎದ್ದ ದಿನದಿಂದ. ಐತವಾರ ಒಂದು ಹೇಳಿ ಹಿಡೀಬೇಕು. ನಲವತ್ತು ನಾಳೆ ಬತ್ತದೆ.”

ಎದೆಯೊಳಗೆ ಏನೋ ಎದ್ದು ನಿಂತಿತು. ತಪ್ಪು ನನ್ನ ಲೆಕ್ಕದ್ದು! “ಹಾಗಾದ್ರೆ ಅವ ನಾಳೆ ಬತ್ತಾನೆ?”

ಬೇಬಿ ಬಾಯಿ ನನ್ನ ಮುಖ ನೋಡಿದಳು. ಕೈಯ ಮೀನನ್ನು ಚಾಪೆ ಮೇಲೆ ಇಟ್ಟಳು. ಆಗ ಅವಳಿಗೆ ತಿಳಿಯಿತು, ಈ ಮೂವತ್ತು ಚಿಲ್ಲರೆ ದಿನ ನಾನು ಏನೆಂದುಕೊಂಡು ಕೂತಿದ್ದೆ ಎಂದು.

“ಸಾಯ್ಬಾ... ಅದು ಬರೂ ದಿನ ಅಲ್ಲ ಬಾಯೇ. ಹೋಗೂ ದಿನ.”

ಎಳೆದು ಕೂರಿಸಿದಳು. ನೀರು ಕೊಟ್ಟಳು. ಹೇಳಿದಳು. ನಲವತ್ತು ದಿನ ಜೊತೆಗಿದ್ದ, ಆಮೇಲೆ ಊರ ಹೊರಗಿನ ಗುಡ್ಡಕ್ಕೆ ಕರೆದುಕೊಂಡು ಹೋದ. ಕೈ ಎತ್ತಿ ಆಶೀರ್ವಾದ ಮಾಡಿದ, ಮಾಡುತ್ತಲೇ ಮೇಲೆ ಹೋದ. ಮೋಡ ಅಡ್ಡ ಬಂತು. ಅವನ ಜನ ಕತ್ತು ಎತ್ತಿ ನೋಡುತ್ತಲೇ ನಿಂತರು. ಬಿಳಿ ಬಟ್ಟೆಯ ಇಬ್ಬರು ಬಂದು ಕೇಳಿದರು — ಎಂತಕ್ಕೆ ಮೇಲೆ ನೋಡ್ತಾ ನಿಂತಿರಿ? ಹೋದವನು ಒಂದು ದಿನ ಹೀಗೇ ಬತ್ತಾನೆ, ನೀವು ಊರಿಗೆ ಹೋಗಿ. ಹೋದರು. ಖುಷಿಯಲ್ಲಿ ಹೋದರು.

“ಖುಷಿಯಲ್ಲಿ?” ಕೂಗಿಬಿಟ್ಟೆ. “ಎದ್ದು ಬಂದವ ಬಿಟ್ಟು ಹೋದ ಮೇಲೆ ಖುಷಿ? ಹೋಗೂದೇ ಆದ್ರೆ ಏಳೂದು ಎಂತಕ್ಕೆ?”

“ನಂಗೂ ತಿಳೀಲಿಲ್ಲ. ನನ್ನ ಗಂಡ ತೀರ್ಕಂಡ ವರ್ಷ ಪಾದ್ರಿಗೆ ಇದನ್ನೇ ಕೇಳ್ದೆ, ಹೀಗೇ ಸಿಟ್ಟಲ್ಲಿ. ಪಾದ್ರಿ ಹೇಳ್ದ, ಇಲ್ಲಿದ್ದಾಗ ಒಂದು ಕಡೆ ಇದ್ರೆ ಇನ್ನೊಂದು ಕಡೆ ಇಲ್ಲ. ಹೋದ ಮೇಲೆ ಇಲ್ಲದ ಕಡೆ ಇಲ್ಲ. ಅರ್ಧ ತಿಳೀತು. ಅರ್ಧ ಇನ್ನೂ ತಿಳೀಲಿಲ್ಲ.” ಸೆರಗಿನಿಂದ ಮೂಗು ಒರೆಸಿಕೊಂಡಳು. “ಎದ್ದ ದಿನ ಮೊದ್ಲು ಕಂಡದ್ದು ಒಬ್ಬಳು ಹೆಂಗಸಿಗೆ. ಅತ್ಕಂಡು ಹಿಡ್ಕಳೂಕೆ ಹೋದ್ಳು. ಹಿಡ್ಕಬೇಡ, ನಾ ಇನ್ನೂ ಮೇಲೆ ಹೋಗೂದದೆ ಅಂದ. ಮೊದಲ ದಿನವೇ ಹೇಳಿದ್ದ ಬಾಯೇ. ಇರೂಕೆ ಬಂದವ ಅಲ್ಲ. ಸತ್ರೆ ಮುಗೀಲಿಲ್ಲ ಹೇಳಿ ತೋರ್ಸಿ ಹೋಗೂಕೆ ಬಂದವ.”

ಒಳಗಿನಿಂದ ಕುಂಟುವ ಹೆಜ್ಜೆ. ಪಾಸ್ಕೋಲ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಗಡ್ಡ ಬೆಳೆದಿತ್ತು. ನೇವಲ್ ಬೇಸಿನ ಕೆಲಸಕ್ಕೆ ಹೋಗುತ್ತಿಲ್ಲ, ಸಮುದ್ರದ ಕಡೆ ಮುಖ ಮಾಡುತ್ತಿಲ್ಲವಂತೆ.

“ಟೀಚರ್” ಎಂದ. ಮತ್ತೆ ಅಷ್ಟೇ.

ಇವತ್ತು ಹಾಕಲು ನನ್ನ ಕೈಯಲ್ಲಿ ಬಾಗಿಲಿರಲಿಲ್ಲ. ಅವನ ಮನೆ. “ಹೇಳು” ಎಂದೆ.

“ಹಳ್ಳ ಸಮುದ್ರಕ್ಕೆ ಸೇರೂ ಅಳಿವೆ ಬಾಯಲ್ಲಿ ಕವುಚ್ತು. ನನ್ನ ಕಾಲಿಗೆ ಬಲೆ ಸುತ್ಕಂಡಿತ್ತು. ರೂಪೇಶಣ್ಣ ಮೂರು ಸಲ ಮುಳುಗಿ ಮುಳುಗಿ ಬಿಡ್ಸಿದ. ನನ್ನನ್ನ ಪಾತಿ ಬೆನ್ನ ಮೇಲೆ ಹತ್ಸಿದ. ಇಬ್ರೂ ಹತ್ತಿದ್ರೆ ಅದು ಮುಳುಗ್ತಿತ್ತು. ಪಕ್ಕದಲ್ಲೇ ಹಿಡ್ಕಂಡು ಬಾಳ ಹೊತ್ತು ಇದ್ದ. ತಮಾಷೆ ಮಾಡ್ದ ಟೀಚರ್. ‘ಎಂಟಕ್ಕೆ ಬತ್ತೆ ಅಂದಿದ್ದೆ, ಇಂದು ಸೀಟಿ ಪೆಟ್ಟು ತಿಂತೆ’ ಅಂದ.”

ನನ್ನ ಕೈ ಕುತ್ತಿಗೆಗೆ ಹೋಯಿತು. ಸೀಟಿ ಅಲ್ಲೇ ಇತ್ತು, ಕರಿಮಣಿಯ ಜೊತೆ.

“ನಂಗೆ ಚಳಿ ಹತ್ತಿ ಕಣ್ಣು ಮುಚ್ತಿತ್ತು. ಅದು ನೋಡಿ ಹೇಳ್ದ, ‘ದಂಡೆ ದೀಪ ಕಾಣ್ತದೆ. ನೀ ಬಿಡಬೇಡ. ನಾ ಹೋಗಿ ಜನ ಕರ್ಕಂಡ್ ಬತ್ತೆ.’ ನಾ ಅವನ ಕೈ ಹಿಡ್ಕಂಡೆ. ಹೋಗಬೇಡ ಅಂದೆ. ‘ಬಿಡಾ ಮಾರಾಯ’ ಅಂದ. ಬಿಡ್ಸಿಕಂಡು ಈಜ್ದ. ನಾ ನೋಡ್ತಾ ಇದ್ದೆ. ತಲೆ ಕಾಣ್ತಿತ್ತು. ಒಂದು ಅಲೆ ಬಂತು, ಮತ್ತೂ ಕಾಣ್ತು. ಆಮೇಲೆ ಬೆಳಕು ಹರೀತು. ಕಾಣ್ಲಿಲ್ಲ.” ಉಸಿರು ಎಳೆದುಕೊಂಡ. “ಮುಳುಗಿದ್ದು ನಾ ನೋಡ್ಲಿಲ್ಲ ಟೀಚರ್. ಸುಳ್ಳು ಹೇಳೂದಿಲ್ಲ. ಹೋಗೂದು ನೋಡ್ದೆ. ನನ್ನ ಸಲುವಾಗಿ ಹೋದ. ಮಾರನೇ ದಿನ ಅದನ್ನೇ ಹೇಳೂಕೆ ಬಂದಿದ್ದೆ.”

ಮಾರನೇ ದಿನ. ಮೆಟ್ಟಿಲ ಮೇಲೆ.

ಅಲ್ಲೇ ಒಣಮೀನಿನ ಚಾಪೆ ಪಕ್ಕ ಕೂತು ಅತ್ತುಬಿಟ್ಟೆ. ಏಪ್ರಿಲ್ ಮೂರರಿಂದ ತಡೆದಿಟ್ಟದ್ದೆಲ್ಲ. ಬೇಬಿ ಬಾಯಿ ನನ್ನ ಬೆನ್ನ ಮೇಲೆ ಕೈ ಇಟ್ಟಿದ್ದಳು. ಪಾಸ್ಕೋಲ ದೂರದಲ್ಲಿ ನೆಲದ ಮೇಲೆ ಕೂತಿದ್ದ. ಅವನನ್ನು ಹತ್ತಿರ ಕರೆದದ್ದು ನಾನೇ.

ಮೇ 14, ಗುರುವಾರ

ಇವತ್ತು ಅವರ ನಲವತ್ತು.

ಬೆಳಿಗ್ಗೆ ಒಂದೇ ಒಲೆ ಹೊತ್ತಿಸಿದೆ. ಗಂಜಿ ಮಾಡಿದೆ. ಅತ್ತೆಗೆ ಒಂದು ಬಟ್ಟಲು, ದೀಕ್ಷಾಳಿಗೆ ಒಂದು, ನನಗೆ ಒಂದು. ಅತ್ತೆ ಬಟ್ಟಲನ್ನು ನೋಡಿದರು, ನನ್ನನ್ನು ನೋಡಿದರು. ಉಪ್ಪಿನಕಾಯಿ ಭರಣಿಯನ್ನು ನನ್ನ ಕಡೆ ಸರಿಸಿದರು.

ಗಂಜಿ ಕುಡಿಯುತ್ತ ಪಾಸ್ಕೋಲ ಹೇಳಿದ್ದನ್ನು ಹೇಳಿದೆ. ಅತ್ತೆ ಬಟ್ಟಲು ಕೆಳಗಿಟ್ಟರು. “ಹಾಗಾದ್ರೆ ಅವ ದಾರಿ ಇಲ್ದೆ ನಿಂತಿಲ್ಲ” ಎಂದರು. “ದಾರಿ ಹಿಡ್ದೇ ಹೋದ.” ದೀಕ್ಷಾ ಅತ್ತಳು. ನಾನು ಬೈಯಲಿಲ್ಲ. ಅವಳ ತಲೆ ನನ್ನ ಮಡಿಲಿನಲ್ಲಿ ಭಾರವಾಗಿತ್ತು, ಚಿಕ್ಕವಳಿದ್ದಾಗ ಇದ್ದ ಹಾಗೆ.

ಭಾವನಿಗೆ ಹೇಳಿದೆ, ಭಟ್ಟರನ್ನು ಕರೆಯಿರಿ. ಅಮಾವಾಸ್ಯೆ ಕಳೆದು ಭಾನುವಾರ ಆಗಬಹುದು ಎಂದು ಉತ್ತರ ಬಂತು. ಬೇಬಿ ಬಾಯಿಗೆ ಫೋನ್ ಮಾಡಿದೆ. ಅವರ ಇಗರ್ಜಿಯಲ್ಲೂ ಆ ಹಬ್ಬದ ಪೂಜೆ ಭಾನುವಾರಕ್ಕೇ ಇಟ್ಟಿದ್ದಾರಂತೆ. ಗುರುವಾರ ಜನರಿಗೆ ಕೆಲಸ ಇರುತ್ತದಲ್ಲ. “ಬೆಳಗಿನ ಪೂಜೆ ಮುಗ್ಸಿ ಬತ್ತೇವು” ಎಂದಳು.

ಮೇ 17, ಭಾನುವಾರ

ಭಟ್ಟರು ದರ್ಭೆ ಕಟ್ಟಿದರು. ತಲೆಗೆ ತೆಂಗಿನಕಾಯಿ. ಇಷ್ಟೇ ಇಷ್ಟು, ತೊಟ್ಟಿಲ ಮಗುವಿನಷ್ಟು. ಅವನ ನೀಲಿ ಅಂಗಿಯನ್ನು ಮೇಲೆ ಹೊದೆಸಿದೆ. ಅಂಗಿಯ ಒಳಗೆ ಅದು ಕಳೆದೇ ಹೋಯಿತು.

ಕೇಣಿಯ ದಂಡೆ. ಬೆಂಕಿ ಇಟ್ಟವಳು ದೀಕ್ಷಾ. ಹೆಣ್ಣು ಹುಡುಗಿ ಎಂದು ಯಾರೋ ಗೊಣಗಿದರು. “ಅವನ ಮಗಳು” ಎಂದರು ಭಾವ, ಮಾತು ನಿಂತಿತು. ಹೆಂಗಸರು ನನ್ನ ಬಳೆಯ ಕಡೆ ಕೈ ಚಾಚಿದಾಗ ಅತ್ತೆ ನಡುವೆ ಬಂದು ನಿಂತರು. “ನನ್ನ ಮಗ ತಂದದ್ದು. ಮುಟ್ಟಬೇಡಿ.”

ದರ್ಭೆ ಬೇಗ ಉರಿಯುತ್ತದೆ. ಮನುಷ್ಯನ ಹಾಗಲ್ಲ. ಹೊಗೆ ಸೀದಾ ಮೇಲೆ ಹೋಯಿತು, ಗಾಳಿ ಇರಲಿಲ್ಲ. ಕತ್ತು ಎತ್ತಿ ನೋಡಿದೆ. ಎಲ್ಲಿಯವರೆಗೆ ಹೊಗೆ, ಎಲ್ಲಿಂದ ಮೋಡ, ಗೊತ್ತಾಗಲಿಲ್ಲ. ಪಾಸ್ಕೋಲನೂ ನೋಡುತ್ತಿದ್ದ. ಬೇಬಿ ಬಾಯಿಯೂ.

“ನಡೀರಿ” ಎಂದರು ಭಾವ. “ತಿರುಗಿ ನೋಡಬೇಡಿ.” ಸುಟ್ಟು ಹೊರಡುವಾಗ ತಿರುಗಿ ನೋಡುವುದು ನಮ್ಮಲ್ಲಿ ಇಲ್ಲ. ಹೋದವನಿಗೆ ಕಾಲು ತೊಡಕಾಗುತ್ತದೆಯಂತೆ. ಬೇಬಿ ಬಾಯಿ ನನ್ನ ಮೊಣಕೈ ಹಿಡಿದಳು. ಅವಳು ಹೇಳಬೇಕಾದ್ದನ್ನು ಮೊದಲೇ ಹೇಳಿದ್ದಳು — ಎಂತಕ್ಕೆ ಮೇಲೆ ನೋಡ್ತಾ ನಿಂತಿರಿ.

ತಿರುಗಿ ನೋಡಲಿಲ್ಲ. ಮನೆಯವರೆಗೂ.

ಮೇ 19, ಮಂಗಳವಾರ

ಮೂರನೇ ದಿನ. ಬೆಳಗಾಗುವ ಮುಂಚೆ ನಾನು, ದೀಕ್ಷಾ ಹೋದೆವು. ಭಾವ ಹಿಂದಿನಿಂದ ಬಂದರು. ಬೂದಿ ತುಂಬಲು ಮಡಕೆ ತಂದಿದ್ದೆ.

ಇರಲಿಲ್ಲ. ರಾತ್ರಿಯ ಉಬ್ಬರ ಅಷ್ಟು ಮೇಲೆ ಬಂದಿದೆ. ಮರಳು ಒರೆಸಿಟ್ಟ ಹಾಗೆ ನುಣ್ಣಗಿತ್ತು. ಕಪ್ಪು ಕಲೆ ಕೂಡ ಇಲ್ಲ.

ಹೆದರುತ್ತೇನೆ ಎಂದುಕೊಂಡಿದ್ದೆ. ಅಳು ಬಂತು, ಹೆದರಿಕೆ ಬರಲಿಲ್ಲ. ದೀಕ್ಷಾ ಮಡಕೆಯನ್ನು ಅಲೆಯಲ್ಲಿ ಬಿಟ್ಟಳು. ಖಾಲಿ ಮಡಕೆ ಸ್ವಲ್ಪ ದೂರ ತೇಲಿತು.

ನನಗೆ ನಂಬಿಕೆ ಬಂತೋ? ಗೊತ್ತಿಲ್ಲ. ಅವರ ದೇವರು ಎದ್ದದ್ದು ಹೌದೋ ಅಲ್ಲವೋ ಹೇಳಲು ನಾನು ಯಾರು. ರೂಪೇಶ ಮನೆಗೆ ಬರುವುದಿಲ್ಲ. ಇದು ಗೊತ್ತು. ಆದರೂ ಮುಗಿದ ಅನ್ನಲು ನಾಲಿಗೆ ಏಳುವುದಿಲ್ಲ. ಇದೂ ಗೊತ್ತು.

ಮೇ 28, ಗುರುವಾರ. ಮಧ್ಯಾಹ್ನ

ಹನ್ನೆರಡನೇ ದಿನ. ಮಳೆ. ಸೂತಕ ಕಳೆಯಿತು. ಇವತ್ತು ಮೀನು ಬೇಯಿಸಿ ಮೊದಲ ಎಡೆ ಅವನಿಗೆ, ಆಮೇಲೆ ಎಲ್ಲರೂ. ಕ್ರಮ.

ಪಾಸ್ಕೋಲ ಬೆಳಿಗ್ಗೆಯೇ ಬಂದಿದ್ದ. ಸಮುದ್ರಕ್ಕೆ ಇಳಿಯಲು ಇನ್ನೂ ಧೈರ್ಯ ಇಲ್ಲ. ಇಲ್ಲಿಯ ಹಳ್ಳದ ಬಾಯಲ್ಲಿ ಮೊಣಕಾಲು ನೀರಿನಲ್ಲಿ ನಿಂತು ಬಲೆ ಬೀಸಿದ. ಅದು ರೂಪೇಶ ಹೊಲಿಯುತ್ತಿದ್ದ ಬಲೆ, ಮೂಲೆಯಲ್ಲಿ ಅರ್ಧ ಉಳಿದದ್ದನ್ನು ಭಾವ ಮುಗಿಸಿದ್ದರು. ಒಂದು ಬುಟ್ಟಿ ಮೀನು. ಮಳೆಯಲ್ಲಿ ನೆನೆದು ನಡುಗುತ್ತ ಬುಟ್ಟಿಯನ್ನು ನನ್ನ ಮುಂದೆ ಇಟ್ಟ. ತಲೆ ಒರೆಸಿಕೊಳ್ಳಲು ರೂಪೇಶನ ಟವೆಲ್ ಕೊಟ್ಟೆ.

ಫ್ರೀಜರಿನಿಂದ ಸ್ಟೀಲ್ ಡಬ್ಬಿ ತೆಗೆದೆ. ಮೂಸಿದೆ. ಕೆಟ್ಟಿಲ್ಲ. ಕೊತ್ತಂಬರಿ ಸ್ವಲ್ಪ ಹೆಚ್ಚಾಗಿತ್ತು ಆ ದಿನ, ಬೈಯುತ್ತಿದ್ದ. ಅದನ್ನೇ ಹಾಕಿದೆ.

ಬಾಳೆ ಎಲೆಯಲ್ಲಿ ಎಡೆ ಇಟ್ಟು ಮಾಡಿನ ಅಂಚಿಗೆ ಹೋದೆವು. ಇಂಥ ಮಳೆಯಲ್ಲಿ ಕಾಗೆ ಎಲ್ಲಿ ಬರುತ್ತದೆ ಎಂದರು ಭಾವ. ಬಂತು. ಒದ್ದೆಯಾಗಿ, ಸಿಟ್ಟಿನಲ್ಲಿ. ಮುಳ್ಳಿನ ಕಡೆಯಿಂದಲೇ ಕಚ್ಚಿತು. “ಅಪ್ಪನ ಹಾಗೇ” ಎಂದಳು ದೀಕ್ಷಾ. ನಕ್ಕಳು. ನಕ್ಕದ್ದು ಗೊತ್ತಾಗಿ ಬಾಯಿ ಮುಚ್ಚಿಕೊಂಡಳು. ಅತ್ತೆ ಅವಳ ಕೈ ಬಾಯಿಂದ ತೆಗೆದರು. “ನಗು ಮಗಾ.”

ಎಲೆ ಹಾಕುವ ಮೊದಲು ಎರಡು ನಿಮಿಷ ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಹೊರಗೆ ಜಗಲಿ ತುಂಬಿದೆ. ಭಾವ, ಬೇಬಿ ಬಾಯಿ, ಪಾಸ್ಕೋಲ, ಭಟ್ಟರು ಕೂಡ ಚಹಾಕ್ಕೆಂದು ಬಂದವರು ಕೂತಿದ್ದಾರೆ. ಪಾಸ್ಕೋಲನನ್ನು ಎತ್ತಿ ತಂದ ಬೇಲೆಕೇರಿಯ ಬೋಟಿನವರನ್ನು ನಾನೇ ಕರೆದಿದ್ದೆ, ಅವರೂ ಬಂದಿದ್ದಾರೆ. ಇಷ್ಟು ಜನ ಈ ಜಗಲಿಯಲ್ಲಿ ನಮ್ಮ ಮದುವೆಯಲ್ಲೂ ಇರಲಿಲ್ಲ.

ಜನ ಕರೆದುಕೊಂಡು ಬರುತ್ತೇನೆ ಎಂದು ಹೋದೆಯಲ್ಲ ರೂಪೇಶ.

ಬಂದಿದ್ದಾರೆ. ಎಲ್ಲರಿಗೂ ಹಸಿವಾಗಿದೆ. ದೀಕ್ಷಾ ಕೂಗುತ್ತಿದ್ದಾಳೆ, ಅಮ್ಮಾ ಸೀಟಿ ಊದು, ಇವರು ಸಾಲಾಗಿ ಕೂರೂದಿಲ್ಲ ಅಂತೆ. ಬಂದೆ. ಬಂದೆ, ಇಗೋ—